ಊರು ಬಿಡಬೇಕೆ, ಉಳಿಯಬೇಕೆ? ಹಿಜ್ರತ್ ಕುರಿತು ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಸ್ಪೇನಿನ ಮುಸ್ಲಿಮರ ಬಗ್ಗೆ ಕೊಟ್ಟಿದ್ದ ನಾಲ್ಕು ಸಾಲಿನ ಉತ್ತರವನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಧರ್ಮಾಚರಣೆಗೆ ಅಡ್ಡಿಯಾದಾಗ ಹಿಜ್ರತ್ ಮಾಡಬೇಕೆ, ಅಂದರೆ ಊರು ಬಿಟ್ಟು ವಲಸೆ ಹೋಗಬೇಕೆ, ಇಲ್ಲವೆ ಅಲ್ಲೇ ಉಳಿಯಬೇಕೆ ಎಂಬ ಎಲ್ಲರ ಕಾಳಜಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: 1492ರಲ್ಲಿ ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡಾ ಕ್ರೈಸ್ತ ದೊರೆಗಳ ವಶವಾದಾಗ ಅಲ್ಲಿನ ಮುಸ್ಲಿಮರು ಸಮುದ್ರ ದಾಟಿ ಮೊರೊಕ್ಕೊಗೆ ಹೋಗಬಹುದಿತ್ತು. ಹೋಗದೆ ಉಳಿದು, ಕೊನೆಗೆ ಬಲವಂತದ ಮತಾಂತರಕ್ಕೆ ಸಿಕ್ಕಿಕೊಂಡದ್ದು ಅವರದೇ ತಪ್ಪಲ್ಲವೆ? (ಓದುಗರೊಬ್ಬರು, ಉಳ್ಳಾಲ)

ತಪ್ಪು ಎಂದು ತೀರ್ಮಾನಿಸುವ ಮೊದಲು ಅವರ ಕೈಯಲ್ಲಿದ್ದ ಕಾಗದದಲ್ಲಿ ಏನಿತ್ತೆಂದು ನೋಡಬೇಕು. 1491ರ ನವೆಂಬರಿನಲ್ಲಿ ಸಹಿಯಾದ ಶರಣಾಗತಿಯ ಒಪ್ಪಂದದಲ್ಲಿ ಫರ್ಡಿನೆಂಡ್ ಮತ್ತು ಇಸಬೆಲ್ಲಾ ದಂಪತಿಗಳು ಮಸೀದಿಗಳನ್ನು ಮುಟ್ಟುವುದಿಲ್ಲವೆಂದೂ, ಮುಸ್ಲಿಮರ ವ್ಯಾಜ್ಯಗಳನ್ನು ಅವರ ಖಾಝಿಗಳೇ ಶರೀಅತ್‌ನಂತೆ ತೀರ್ಮಾನಿಸಬಹುದೆಂದೂ, ಯಾರನ್ನೂ ಬಲವಂತದಿಂದ ಕ್ರೈಸ್ತರನ್ನಾಗಿ ಮಾಡುವುದಿಲ್ಲವೆಂದೂ ತಮ್ಮ ಹೆಸರಿನಲ್ಲಿ ಮಾತು ಕೊಟ್ಟಿದ್ದರು. ಹೋಗಬಯಸುವವರಿಗೆ ಮೊದಲ ಮೂರು ವರ್ಷ ಹಡಗಿನ ಖರ್ಚೂ ಇಲ್ಲ ಎಂದು ಅದೇ ಒಪ್ಪಂದ ಹೇಳಿತ್ತು. ಉಳ್ಳವರು ಹೋದರು. ಕೊನೆಯ ಸುಲ್ತಾನ ಅಬೂ ಅಬ್ದುಲ್ಲಾ, ಸ್ಪೇನಿನವರು ಬೋಅಬ್ದಿಲ್ ಎಂದು ಕರೆಯುವವನು, 1493ರಲ್ಲಿ ಮೊರೊಕ್ಕೊಗೆ ಹೊರಟುಹೋದ. ಆದರೆ ಅಲ್ಪುಹಾರಾಸ್ ಬೆಟ್ಟಗಳಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ತೆಗೆಯುತ್ತಿದ್ದ ಒಕ್ಕಲಿಗ ಏನನ್ನು ಹೊತ್ತುಕೊಂಡು ಹೋಗಬೇಕಿತ್ತು? ಅವನ ಬದುಕು ಆ ಮರಗಳಲ್ಲಿತ್ತು, ದೊರೆಯ ಲಿಖಿತ ಭರವಸೆ ಅವನ ಮುಂದಿತ್ತು. ಅದನ್ನು ನಂಬಿ ಉಳಿದದ್ದು ನನಗೆ ತಪ್ಪಾಗಿ ಕಾಣುವುದಿಲ್ಲ.

ಮೊದಲ ಕೆಲವು ವರ್ಷ ಒಪ್ಪಂದ ಬಹುಮಟ್ಟಿಗೆ ನಡೆಯಿತು. ಗ್ರನಾಡಾದ ಮೊದಲ ಆರ್ಚ್‌ಬಿಷಪ್ ತಲವೆರಾ ಮನವೊಲಿಕೆಯಲ್ಲಿ ನಂಬಿಕೆಯಿಟ್ಟಿದ್ದವನು. ತನ್ನ ಪಾದ್ರಿಗಳು ಅರಬ್ಬಿ ಕಲಿಯಬೇಕೆಂದು ಬಯಸಿದವನು. 1499ರಲ್ಲಿ ಕಾರ್ಡಿನಲ್ ಸಿಸ್ನೆರೋಸ್ ಬಂದ ಮೇಲೆ ಎಲ್ಲವೂ ಬದಲಾಯಿತು. ಗುಂಪು ಗುಂಪಾಗಿ ಬಲವಂತದ ದೀಕ್ಷಾಸ್ನಾನಗಳು ನಡೆದವು, ಅರಬ್ಬಿ ಗ್ರಂಥಗಳನ್ನು ಬಯಲಿನಲ್ಲಿ ರಾಶಿ ಹಾಕಿ ಸುಡಲಾಯಿತು. ವೈದ್ಯಗ್ರಂಥಗಳನ್ನು ಮಾತ್ರ ಉಳಿಸಿಕೊಂಡರು. ಇದಕ್ಕೆ ಪ್ರತಿಯಾಗಿ ಅಲ್ಬೈಸಿನ್ ಬಡಾವಣೆಯಲ್ಲೂ ಬೆಟ್ಟಗಳಲ್ಲೂ ದಂಗೆಯೆದ್ದಾಗ, ದಂಗೆಯೆದ್ದವರು ಒಪ್ಪಂದದ ರಕ್ಷಣೆಯನ್ನು ಕಳೆದುಕೊಂಡರು ಎಂಬ ನೆಪ ಅಧಿಕಾರಿಗಳಿಗೆ ಸಿಕ್ಕಿತು. ಒಪ್ಪಂದಕ್ಕೆ ಹತ್ತು ವರ್ಷ ತುಂಬುವುದರೊಳಗೆ ಗ್ರನಾಡಾದಲ್ಲಿ ಬಹಿರಂಗವಾದ ಇಸ್ಲಾಮ್ ಮುಗಿದುಹೋಗಿತ್ತು. 1502ರಲ್ಲಿ ಕ್ಯಾಸ್ಟೀಲ್ ಪ್ರಾಂತದ ಮುಸ್ಲಿಮರಿಗೂ ಮತಾಂತರವಾಗಿ ಇಲ್ಲವೇ ದೇಶ ಬಿಡಿ ಎಂಬ ಆಜ್ಞೆಯಾಯಿತು. ಆದರೆ ಹೊರಡುವವರು ಉತ್ತರದ ದೂರದ ಬಂದರುಗಳಿಂದಲೇ ಹೊರಡಬೇಕು, ಚಿಕ್ಕ ಮಕ್ಕಳನ್ನು ಬಿಟ್ಟುಹೋಗಬೇಕು ಎಂಬ ಷರತ್ತುಗಳನ್ನು ಅದಕ್ಕೆ ಜೋಡಿಸಲಾಗಿತ್ತು. ಮಗುವನ್ನು ಬಿಟ್ಟು ಹಡಗು ಹತ್ತಲಾಗದೆ ನಿಂತ ತಾಯಿಯನ್ನು, ನೀನೇಕೆ ಹಿಜ್ರತ್ ಮಾಡಲಿಲ್ಲ ಎಂದು ಕೇಳುವ ಅಧಿಕಾರ ಐದು ಶತಮಾನಗಳ ನಂತರ ನೆಮ್ಮದಿಯಿಂದ ಕುಳಿತಿರುವ ನಮಗೆ ಇಲ್ಲವೆಂದು ನಾನು ಬಲವಾಗಿ ನಂಬುತ್ತೇನೆ. ಕುರ್‌ಆನ್ ಕೂಡ ಅವಳನ್ನು ಹಾಗೆ ಕೇಳುವುದಿಲ್ಲ. ಮುಂದಿನ ಉತ್ತರದಲ್ಲಿ ಆ ವಚನ ಬರುತ್ತದೆ.

ಪ್ರಶ್ನೆ: ಅಂದಿನ ಉಲಮಾಗಳು (ಧರ್ಮವಿದ್ವಾಂಸರು) ಮುಸ್ಲಿಮೇತರ ಆಳ್ವಿಕೆಯಲ್ಲಿ ಇರುವುದೇ ಪಾಪ, ಹಿಜ್ರತ್ ಕಡ್ಡಾಯ ಎಂದು ಫತ್ವಾ ಕೊಟ್ಟಿದ್ದರಂತೆ. ಹಾಗಿದ್ದರೆ ಅಲ್ಪಸಂಖ್ಯಾತರಾಗಿ ಬದುಕುತ್ತಿರುವ ನಮ್ಮ ಸ್ಥಿತಿ ಏನು? (ಓದುಗರೊಬ್ಬರು, ಭಟ್ಕಳ)

ನೀವು ಹೇಳುತ್ತಿರುವುದು ಮೊರೊಕ್ಕೊದ ಫೆಝ್ ನಗರದ ಮಾಲಿಕಿ ಪಂಥದ ವಿದ್ವಾಂಸ ಅಹ್ಮದ್ ಅಲ್ ವನ್ಶರೀಸಿಯವರ ಫತ್ವಾವನ್ನು. ಅವರು 1508ರಲ್ಲಿ ತೀರಿಕೊಂಡರು. ಪಶ್ಚಿಮದ ಇಸ್ಲಾಮೀ ಜಗತ್ತಿನ ಫತ್ವಾಗಳ ಅತಿ ದೊಡ್ಡ ಸಂಗ್ರಹವನ್ನು ಕಟ್ಟಿದ ಮಹಾಪಂಡಿತರು. 1491ರಲ್ಲಿ ಅವರ ಮುಂದೆ ಬಂದ ಪ್ರಶ್ನೆ ಹೀಗಿತ್ತು: ಅಂದಲೂಸಿನಿಂದ, ಅಂದರೆ ಮುಸ್ಲಿಂ ಸ್ಪೇನಿನಿಂದ, ಆಸ್ತಿಪಾಸ್ತಿ ಬಿಟ್ಟು ಮೊರೊಕ್ಕೊಗೆ ಬಂದ ಕೆಲವರಿಗೆ ಇಲ್ಲಿ ಜೀವನೋಪಾಯ ಸಿಗಲಿಲ್ಲ, ಅವರು ಬಂದದ್ದಕ್ಕೆ ಪಶ್ಚಾತ್ತಾಪ ಪಟ್ಟು ಮರಳಿಹೋಗುವ ಮಾತಾಡುತ್ತಿದ್ದಾರೆ, ಇವರ ಬಗ್ಗೆ ಧರ್ಮ ಏನು ಹೇಳುತ್ತದೆ? ವನ್ಶರೀಸಿ ಅತ್ಯಂತ ಕಠಿಣವಾಗಿ ಉತ್ತರಿಸಿದರು. ಹಿಜ್ರತ್ ಕಡ್ಡಾಯ, ಬಡತನ ಅದಕ್ಕೆ ನೆಪವಾಗಲಾರದು, ಮರಳುವ ಮಾತೂ ಪಾಪ ಎಂದರು.

ಇನ್ನೊಂದು ಪ್ರಶ್ನೆ ಮಾರ್ಬೆಯ್ಯಾ ಎಂಬ ಕರಾವಳಿಯ ಊರಿನದು. ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಊರಿನವರೆಲ್ಲ ಹಿಜ್ರತ್ ಹೊರಟಾಗ ಸಜ್ಜನನೆಂದು ಹೆಸರಾದ ಒಬ್ಬ ಮನುಷ್ಯ ಯುದ್ಧದಲ್ಲಿ ಕಾಣೆಯಾದ ತನ್ನ ಒಡಹುಟ್ಟಿದವನನ್ನು ಹುಡುಕುತ್ತ ಹಿಂದೆ ಉಳಿದ. ಎಷ್ಟು ಹುಡುಕಿದರೂ ಸುಳಿವು ಸಿಗದೆ ಆಸೆ ಬಿಟ್ಟು ಹೊರಡುವ ಮನಸ್ಸು ಮಾಡುವ ಹೊತ್ತಿಗೆ, ಸುತ್ತಲಿನ ನಿರ್ಗತಿಕ ಮುಸ್ಲಿಮರಿಗೆಲ್ಲ ಅವನೇ ಆಧಾರವಾಗಿದ್ದ. ಅವನಿಗೆ ಕ್ರೈಸ್ತರ ಭಾಷೆ ಗೊತ್ತಿತ್ತು. ಕ್ರೈಸ್ತ ನ್ಯಾಯಾಧಿಕಾರಿಗಳ ಮುಂದೆ ನಿಂತು ಇವರ ಪರವಾಗಿ ವಾದಿಸಿ ಎಷ್ಟೋ ಜನರನ್ನು ಘೋರ ಸಂಕಟಗಳಿಂದ ಪಾರುಮಾಡಿದ್ದ. ಅವನು ಹೋದರೆ ಆ ಕೆಲಸ ಮಾಡುವ ಮತ್ತೊಬ್ಬನಿಲ್ಲ. ಇಂಥವನು ಉಳಿಯಬಹುದೆ ಎಂಬುದೇ ಪ್ರಶ್ನೆ. ವನ್ಶರೀಸಿಯವರ ಉತ್ತರ: ಉಳಿಯಬಾರದು. ಅಲ್ಲಿ ನಮಾಝ್ ಅಪಹಾಸ್ಯಕ್ಕೆ ಗುರಿಯಾಗುತ್ತದೆ, ಝಕಾತ್ (ಕಡ್ಡಾಯ ದಾನ) ಸ್ವೀಕರಿಸಲು ಅರ್ಹ ಇಮಾಮನಿಲ್ಲ, ರಮಝಾನಿನ ಚಂದ್ರದರ್ಶನಕ್ಕೆ ಒಪ್ಪತಕ್ಕ ಸಾಕ್ಷ್ಯವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕ್ರೈಸ್ತರ ನಡೆನುಡಿ ಉಡುಪುಗಳು ಮಕ್ಕಳಿಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಉದಾಹರಣೆಯಾಗಿ ಅವರು ಕೊಟ್ಟದ್ದು ಕ್ಯಾಸ್ಟೀಲಿನ ಆವಿಲಾ ಊರಿನ ಮುಸ್ಲಿಮರನ್ನು. ಅವರು ಅರಬ್ಬಿ ಮರೆತರು, ಅರಬ್ಬಿ ಹೋದ ಮೇಲೆ ಆರಾಧನೆಯೂ ಹೋಗುತ್ತದೆ ಎಂದರು. ಆವಿಲಾದ ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ವನ್ಶರೀಸಿಯವರ ವಿದ್ವತ್ತಿಗೆ ನನ್ನ ಗೌರವವಿದೆ, ಅವರ ಆತಂಕ ಸುಳ್ಳೂ ಆಗಿರಲಿಲ್ಲ. ಆದರೆ ಅವರ ಅಭಿಪ್ರಾಯವೊಂದೇ ಇಸ್ಲಾಮಿನ ಅಭಿಪ್ರಾಯವೆಂದು ತಿಳಿಯಬಾರದು. ಕುರ್‌ಆನಿನ ಸೂರಃ (ಅಧ್ಯಾಯ) ಅನ್ನಿಸಾದ 97ನೆಯ ವಚನದಲ್ಲಿ, ನಾವು ಭೂಮಿಯಲ್ಲಿ ದುರ್ಬಲರಾಗಿದ್ದೆವು ಎಂದವರಿಗೆ ದೇವಚರರು, ಅಲ್ಲಾಹನ ಭೂಮಿ ವಿಶಾಲವಾಗಿರಲಿಲ್ಲವೆ, ನೀವು ವಲಸೆ ಹೋಗಬಹುದಿತ್ತಲ್ಲ ಎಂದು ಕೇಳುವುದು ನಿಜ. ಅದರ ಮರುವಚನವೇ ದಾರಿಯೂ ಉಪಾಯವೂ ಇಲ್ಲದ ಗಂಡಸರು, ಹೆಂಗಸರು, ಮಕ್ಕಳನ್ನು ಅದರಿಂದ ಹೊರಗಿಡುತ್ತದೆ. ಮಕ್ಕಾ ವಿಜಯದ ನಂತರ ಹಿಜ್ರತ್ ಇಲ್ಲ ಎಂಬ ಪ್ರವಾದಿ(ಸ)ವರ ವಚನ ಸಹೀಹ್ ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಅದು ಮಕ್ಕಾಕ್ಕೆ ಮಾತ್ರ ಅನ್ವಯಿಸುವ ಮಾತೆ, ಎಲ್ಲ ಕಾಲಕ್ಕೂ ಸಲ್ಲುವ ಮಾತೆ ಎಂಬುದರ ಮೇಲೆಯೇ ವಿದ್ವಾಂಸರ ಭಿನ್ನಾಭಿಪ್ರಾಯ ನಿಂತಿದೆ. ಭಟ್ಕಳದ ನವಾಯತರೂ ದಕ್ಷಿಣ ಕನ್ನಡದ ಬ್ಯಾರಿಗಳೂ ಅನುಸರಿಸುವ ಶಾಫಿಈ ಪಂಥದಲ್ಲಿ, 1058ರಲ್ಲಿ ತೀರಿಕೊಂಡ ಬಗ್ದಾದಿನ ಇಮಾಮ್ ಮಾವರ್ದಿಯವರು ಹೇಳಿದ್ದು ವನ್ಶರೀಸಿಯವರ ಮಾತಿಗೆ ಪೂರಾ ವಿರುದ್ಧವಾಗಿದೆ: ಮುಸ್ಲಿಮೇತರರ ನಾಡಿನಲ್ಲಿ ತನ್ನ ಧರ್ಮವನ್ನು ಬಹಿರಂಗವಾಗಿ ಆಚರಿಸಲು ಸಾಧ್ಯವಾದರೆ ಆ ಜಾಗವೇ ಅವನ ಪಾಲಿಗೆ ಇಸ್ಲಾಮಿನ ನೆಲೆಯಾಗುತ್ತದೆ, ಅಲ್ಲಿಂದ ಹೊರಡುವುದಕ್ಕಿಂತ ಅಲ್ಲಿ ಉಳಿಯುವುದೇ ಉತ್ತಮ.

ಸ್ಪೇನಿನಲ್ಲಿ ಮುಸ್ಲಿಮರು ಕದ್ದು ನಮಾಝ್ ಮಾಡುತ್ತಿದ್ದ ಅದೇ ಹದಿನಾರನೆಯ ಶತಮಾನದಲ್ಲಿ, ಮಲಬಾರಿನ ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮರು ತಮ್ಮ ನಾಡಿನ ಹಿಂದೂ ದೊರೆಗಳು ಮುಸ್ಲಿಮರ ಜುಮಾ (ಶುಕ್ರವಾರದ ನಮಾಝ್) ಮತ್ತು ಹಬ್ಬಗಳಿಗೆ ಗೌರವ ಕೊಡುತ್ತಿದ್ದುದನ್ನು, ಖಾಝಿಗಳ ವ್ಯವಸ್ಥೆಗೆ ಒತ್ತಾಸೆಯಾಗಿದ್ದುದನ್ನು ಕೃತಜ್ಞತೆಯಿಂದ ದಾಖಲಿಸಿದ್ದಾರೆ. ಎರಡೂ ಕಡೆ ಆಳುವವರು ಮುಸ್ಲಿಮೇತರರೇ. ಆದರೂ ಒಂದು ಕಡೆ ಧರ್ಮ ಬಾಗಿಲು ತೆರೆದ ಮಸೀದಿಯಲ್ಲಿತ್ತು, ಇನ್ನೊಂದು ಕಡೆ ಮುಚ್ಚಿದ ಕೋಣೆಯಲ್ಲಿತ್ತು. ಫತ್ವಾ ಕೇಳುವಾಗ ದೊರೆಯ ಧರ್ಮ ಯಾವುದು ಎಂಬುದಕ್ಕಿಂತ ಆಚರಣೆಗೆ ಅವಕಾಶವಿದೆಯೆ ಎಂಬುದನ್ನು ಮೊದಲು ನೋಡಬೇಕೆನ್ನುವ ಪಕ್ಷವೇ ನನಗೆ ಒಪ್ಪಿಗೆ. ಸಂವಿಧಾನದ 25ನೆಯ ವಿಧಿಯ ರಕ್ಷಣೆಯಲ್ಲಿ, ಪೂರ್ವಿಕರ ದಫನಭೂಮಿಗಳ ಪಕ್ಕದಲ್ಲಿ ಬದುಕುತ್ತಿರುವ ನಮಗೆ ಆ ಅವಕಾಶ ಕಾನೂನುಬದ್ಧ ಹಕ್ಕಾಗಿಯೇ ಇದೆ. ಅದಕ್ಕೆ ಎಲ್ಲಾದರೂ ಧಕ್ಕೆಯಾದರೆ ಅದನ್ನು ಇಲ್ಲೇ ನಿಂತು ನ್ಯಾಯಾಲಯದಲ್ಲಿ, ಸಮಾಜದಲ್ಲಿ ಕೇಳಬೇಕು. ಮಾರ್ಬೆಯ್ಯಾದ ಆ ಮನುಷ್ಯ ಮಾಡುತ್ತಿದ್ದುದೂ ಅದೇ ಕೆಲಸ.

ಪ್ರಶ್ನೆ: ಮೊದಲ ಮುಸ್ಲಿಮರು ವಲಸೆ ಹೋದದ್ದು ಮದೀನಾಕ್ಕಲ್ಲವೆ? ಕ್ರೈಸ್ತ ದೇಶಕ್ಕೂ ಹೋಗಿದ್ದರು ಎಂಬ ಮಾತು ನಿಜವೆ? (ವಿದ್ಯಾರ್ಥಿನಿ, ಕಲಬುರಗಿ)

ನಿಜ. ಮದೀನಾಕ್ಕೆ ಹೋಗುವ ಏಳು ವರ್ಷ ಮೊದಲು, ಸುಮಾರು ಕ್ರಿ.ಶ. 615ರಲ್ಲಿ, ಮಕ್ಕಾದ ಕುರೈಶ್ ಕುಲದವರ ಕಿರುಕುಳ ತಾಳಲಾರದ ಅನುಯಾಯಿಗಳನ್ನು ಪ್ರವಾದಿ(ಸ)ವರು ಕೆಂಪು ಸಮುದ್ರದಾಚೆಯ ಅಬಿಸೀನಿಯಾಕ್ಕೆ (ಇಂದಿನ ಇಥಿಯೋಪಿಯಾ ಕಡೆಗೆ) ಕಳುಹಿಸಿದರು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತ. ಇವರನ್ನು ಹಿಡಿದು ಕೊಡಿ ಎಂದು ಮಕ್ಕಾದವರು ಕಾಣಿಕೆ ಸಮೇತ ರಾಯಭಾರಿಗಳನ್ನು ಕಳುಹಿಸಿದಾಗ, ಅವರಲ್ಲೊಬ್ಬರಾದ ಹಝ್ರತ್ ಜಅಫರ್(ರ) ದೊರೆಯ ಆಸ್ಥಾನದಲ್ಲಿ ಸೂರಃ ಮರ್ಯಮ್ ಓದಿದ್ದೂ, ಅದನ್ನು ಕೇಳಿ ಕಣ್ಣೀರಾದ ದೊರೆ ಇವರನ್ನು ಒಪ್ಪಿಸಲು ನಿರಾಕರಿಸಿದ್ದೂ ಪ್ರಸಿದ್ಧವಾಗಿದೆ. ಹೆಚ್ಚು ಜನ ಗಮನಿಸದ ಸಂಗತಿ ಇನ್ನೊಂದಿದೆ. ಮದೀನಾದಲ್ಲಿ ಇಸ್ಲಾಮೀ ಸಮಾಜ ಸ್ಥಾಪನೆಯಾದ ಮೇಲೂ ಜಅಫರ್ ಮತ್ತು ಸಂಗಡಿಗರು ಅಬಿಸೀನಿಯಾದಲ್ಲೇ ಇದ್ದು, ಮರಳಿದ್ದು ಹಿಜರಿ 7ರಲ್ಲಿ, ಖೈಬರ್ ವಿಜಯದ ವೇಳೆಗೆ. ಅಷ್ಟು ವರ್ಷ ಕ್ರೈಸ್ತ ದೊರೆಯ ಆಶ್ರಯದಲ್ಲಿ ಉಳಿದ ಅವರನ್ನು ಪ್ರವಾದಿ(ಸ)ವರು ತಪ್ಪಿತಸ್ಥರೆಂದು ನೋಡಲಿಲ್ಲ, ಅತ್ಯಂತ ಸಂತೋಷದಿಂದ ಬರಮಾಡಿಕೊಂಡರು.

ಪ್ರಶ್ನೆ: ಒರಾನ್ ಫತ್ವಾ ಎಂಬುದೊಂದಿದೆ, ಅದರಲ್ಲಿ ಹೊರಗೆ ಕ್ರೈಸ್ತರಂತೆ ನಟಿಸಿ ಒಳಗೆ ಮುಸ್ಲಿಮರಾಗಿರಿ ಎಂದು ಹೇಳಿದೆಯೆಂದು ಓದಿದೆ. ಇದು ಧರ್ಮದ ಹೆಸರಿನಲ್ಲಿ ಸುಳ್ಳನ್ನು ಕಲಿಸಿದಂತೆ ಆಗಲಿಲ್ಲವೆ? ನಾನು ಮುಸ್ಲಿಮನಲ್ಲ, ಪ್ರಾಮಾಣಿಕವಾಗಿ ತಿಳಿಯಲು ಕೇಳುತ್ತಿದ್ದೇನೆ. (ಓದುಗರೊಬ್ಬರು, ಶಿವಮೊಗ್ಗ)

ಪ್ರಾಮಾಣಿಕ ಪ್ರಶ್ನೆಗೆ ಧನ್ಯವಾದಗಳು. ಉತ್ತರ ಆಫ್ರಿಕಾದ ಒರಾನ್ ಮೂಲದ ಮುಫ್ತಿ ಅಹ್ಮದ್ ಬಿನ್ ಅಬೀ ಜುಮ್‌ಅ ಅವರು 1504ರಲ್ಲಿ ಸ್ಪೇನಿನ ಮುಸ್ಲಿಮರಿಗೆ ಬರೆದ ಉತ್ತರ ಅದು. ಆ ಹೊತ್ತಿಗೆ ಕ್ಯಾಸ್ಟೀಲಿನಲ್ಲಿ ಮುಸ್ಲಿಮನಾಗಿರುವುದೇ ಅಪರಾಧ. ಬಲವಂತದ ದೀಕ್ಷೆ ಪಡೆದವನು ಮತ್ತೆ ನಮಾಝ್ ಮಾಡಿದರೆ ಧರ್ಮನ್ಯಾಯಮಂಡಳಿ, ಅಂದರೆ ಇನ್‌ಕ್ವಿಸಿಷನ್, ಅವನನ್ನು ಹಿಡಿದು ಚಿತ್ರಹಿಂಸೆ ಕೊಡಬಹುದು, ಆಸ್ತಿ ಮುಟ್ಟುಗೋಲು ಹಾಕಬಹುದು, ಜೀವಂತ ಸುಡುವ ಶಿಕ್ಷೆಗೂ ಒಪ್ಪಿಸಬಹುದು. ವನ್ಶರೀಸಿಯವರು ಹೊರಟುಬನ್ನಿ ಎಂದಿದ್ದರು; ಹೊರಡುವ ದಾರಿ ಮುಚ್ಚಿದ ಮೇಲೆ ಉಳಿದವರು ಏನು ಮಾಡಬೇಕೆಂದು ಯಾರಾದರೂ ಹೇಳಬೇಕಿತ್ತು. ಹೇಳಿದವರು ಈ ಮುಫ್ತಿ.

ಅವರು ಬೈಯುವುದಿಲ್ಲ. ಪತ್ರ ಶುರುವಾಗುವುದೇ ಕೆಂಡವನ್ನು ಅಂಗೈಯಲ್ಲಿ ಹಿಡಿದವರಂತೆ ಧರ್ಮವನ್ನು ಹಿಡಿದುಕೊಂಡಿರುವ ಪರದೇಶಿಗಳೇ ಎಂಬ ವಾತ್ಸಲ್ಯದ ಸಂಬೋಧನೆಯಿಂದ. ಆಮೇಲೆ ಒಂದೊಂದೇ ಕಷ್ಟಕ್ಕೆ ಒಂದೊಂದು ದಾರಿ ತೋರಿಸುತ್ತಾರೆ. ನಿಂತು ನಮಾಝ್ ಮಾಡಲಾಗದಿದ್ದರೆ ಸನ್ನೆಯಲ್ಲಾದರೂ ಮಾಡಿ. ಹಗಲು ಸಾಧ್ಯವಾಗದಿದ್ದರೆ ರಾತ್ರಿ ಮಾಡಿ. ಸ್ನಾನದ ನೆಪದಲ್ಲಿ ನದಿಗೋ ಸಮುದ್ರಕ್ಕೋ ಇಳಿದರೆ ಶುದ್ಧಿಯಾಯಿತು. ನೀರಿಗೂ ಅವಕಾಶವಿಲ್ಲದಿದ್ದರೆ ಗೋಡೆಗೆ ಕೈಯೊರೆಸಿ ತಯಮ್ಮುಮ್, ಅಂದರೆ ನೀರಿಲ್ಲದ ಶುದ್ಧಿ, ಮಾಡಿ, ಅದೂ ಆಗದಿದ್ದರೆ ಮಣ್ಣಿನ ಕಡೆ ಕಣ್ಣಿನಲ್ಲೇ ಸನ್ನೆ ಮಾಡಿ. ಝಕಾತನ್ನು ಭಿಕ್ಷುಕನಿಗೆ ಕೊಡುವ ದಾನದ ರೂಪದಲ್ಲಿ ಕೊಡಿ. ವಿಗ್ರಹದ ಮುಂದೆ ಬಾಗಿಸಿದರೆ ಮನಸ್ಸಿನಲ್ಲಿ ನಮಾಝಿನ ಸಂಕಲ್ಪವಿರಲಿ. ಹಂದಿಮಾಂಸ ತಿನ್ನಿಸಿದರೆ, ನಿಷಿದ್ಧವೆಂಬ ಅರಿವು ಬಿಡದೆ, ಮನಸ್ಸಿನಲ್ಲಿ ತಿರಸ್ಕರಿಸಿ ತಿನ್ನಿ. ಮುಂದೊಂದು ದಿನ ತುರ್ಕರ ನೆರವಿನಿಂದ ನೀವು ಅಲ್ಲಾಹನನ್ನು ಬಹಿರಂಗವಾಗಿ ಆರಾಧಿಸುವಂತಾಗಲಿ ಎಂಬ ಪ್ರಾರ್ಥನೆಯೂ ಪತ್ರದಲ್ಲಿದೆ. ಅವರನ್ನು ಬಿಡಿಸುವಂಥ ನೆರವು ಬರಲೇ ಇಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಹೃದಯ ನಂಬಿಕೆಯಲ್ಲಿ ಸ್ಥಿರವಾಗಿರುವಾಗ ಬಲವಂತಕ್ಕೆ ಒಳಗಾಗಿ ನಿರಾಕರಣೆಯ ಮಾತಾಡಿದವನನ್ನು ಸೂರಃ ಅನ್ನಹ್ಲ್‌ನ 106ನೆಯ ವಚನ ಕ್ಷಮಿಸುತ್ತದೆ. ಮಕ್ಕಾದಲ್ಲಿ ಚಿತ್ರಹಿಂಸೆಗೆ ಗುರಿಯಾದ ಅಮ್ಮಾರ್ ಬಿನ್ ಯಾಸಿರ್(ರ) ಅವರ ಪ್ರಸಂಗವೇ ಅದಕ್ಕೆ ಹಿನ್ನೆಲೆ. ಇಸ್ಲಾಮಿನಲ್ಲಿ ಕಪಟಿಯೆಂದರೆ ಇಲ್ಲದ ನಂಬಿಕೆಯನ್ನು ಲಾಭಕ್ಕಾಗಿ ತೋರಿಸುವವನು. ಇರುವ ನಂಬಿಕೆಯನ್ನು ಜೀವಭಯದಿಂದ ಬಚ್ಚಿಡುವವನನ್ನು ಅವನ ಸಾಲಿಗೆ ಸೇರಿಸುವುದು ಅನ್ಯಾಯ. ಸುಳ್ಳಿನ ಪ್ರಶ್ನೆ ಎತ್ತುವುದಾದರೆ, ಯಾರನ್ನೂ ಬಲವಂತ ಮಾಡುವುದಿಲ್ಲವೆಂದು ಸಹಿ ಹಾಕಿ ಮುರಿದವರ ಮುಂದೆ ಮೊದಲು ಎತ್ತಬೇಕು. ಬಲವಂತ ಯಾವ ಧರ್ಮದವರು ಯಾವ ಧರ್ಮದವರ ಮೇಲೆ ಮಾಡಿದರೂ ಇದೇ ಮಾತು ಸಲ್ಲುತ್ತದೆ. ಅದೇ ಸ್ಪೇನಿನಿಂದ 1492ರಲ್ಲಿ ಯಹೂದಿಗಳನ್ನೂ ಹೊರಹಾಕಿದ್ದರು, ಉಳಿದು ದೀಕ್ಷೆ ಪಡೆದವರಲ್ಲಿ ಅನೇಕರು ಹೀಗೆಯೇ ಗುಟ್ಟಾಗಿ ಬದುಕಿದರು.

ಪ್ರಶ್ನೆ: ಮಸೀದಿಯಿಲ್ಲ, ಮದರಸವಿಲ್ಲ, ಪುಸ್ತಕವಿಟ್ಟುಕೊಂಡರೆ ಶಿಕ್ಷೆ. ಹೀಗಿರುವಾಗ ನೂರು ವರ್ಷ ಧರ್ಮವನ್ನು ಮಕ್ಕಳಿಗೆ ಹೇಗೆ ದಾಟಿಸಿದರು? (ಶಿಕ್ಷಕಿ, ಹುಬ್ಬಳ್ಳಿ)

ಈ ಪ್ರಶ್ನೆಗೆ ಉತ್ತರಿಸಲು ನಮಗೆ ನೆರವಾಗುವುದು, ವಿಚಿತ್ರವೆನಿಸಿದರೂ, ಅವರನ್ನು ಹಿಂಸಿಸಿದವರ ದಫ್ತರಗಳೇ. ಶುಕ್ರವಾರ ಮಡಿಬಟ್ಟೆ ಉಟ್ಟಳು, ಹಂದಿಕೊಬ್ಬಿನ ಬದಲು ಆಲಿವ್ ಎಣ್ಣೆಯಲ್ಲಿ ಅಡಿಗೆ ಮಾಡಿದಳು, ಸತ್ತವರನ್ನು ತೊಳೆದು ಹೊಸ ಬಟ್ಟೆಯಲ್ಲಿ ಸುತ್ತಿದಳು, ಒಂದು ತಿಂಗಳು ಹಗಲು ಊಟ ಮಾಡಲಿಲ್ಲ: ಇನ್‌ಕ್ವಿಸಿಷನ್ ದಾಖಲೆಗಳು ಇಂಥ ಆರೋಪಗಳಿಂದ ತುಂಬಿವೆ. ಗಮನಿಸಿ, ಬಹುಪಾಲು ಆರೋಪಗಳು ಅಡಿಗೆಮನೆ, ಬಾಣಂತಿಕೋಣೆ, ಬಚ್ಚಲುಗಳಿಗೆ ಸಂಬಂಧಿಸಿದವು. ಮಗುವಿಗೆ ಚರ್ಚಿನಲ್ಲಿ ದೀಕ್ಷೆ ಕೊಡಿಸಲೇಬೇಕಿತ್ತು. ಮನೆಗೆ ಬಂದ ಕೂಡಲೇ ಹಣೆಗೆ ಹಚ್ಚಿದ ಪವಿತ್ರತೈಲವನ್ನು ಬಿಸಿನೀರಿನಲ್ಲಿ ತೊಳೆದು, ಫಾದಾ ಎಂಬ ಶಾಸ್ತ್ರ ಮಾಡಿ, ಅರಬ್ಬಿ ಹೆಸರಿಡುತ್ತಿದ್ದರು. ಹೀಗೆ ಒಂದೊಂದು ಮಗುವಿಗೂ ಬೀದಿಗೊಂದು ಹೆಸರು, ಮನೆಗೊಂದು ಹೆಸರು. ಮಸೀದಿಗಳು ಮುಚ್ಚಿದ ಮೇಲೆ ದೀನನ್ನು, ಅಂದರೆ ಧರ್ಮವನ್ನು, ಹಿಡಿದು ನಿಲ್ಲಿಸಿದವರಲ್ಲಿ ಹೆಂಗಸರ ಪಾಲು ಬಹಳ ದೊಡ್ಡದು. ಆ ಕಾಲದ ಒಬ್ಬ ಗುಪ್ತ ಲೇಖಕ, ಇತಿಹಾಸಕಾರರು ಅರೆವಾಲೊದ ಯುವಕ ಎಂದೇ ಕರೆಯುವವನು, ತಾನು ಧರ್ಮ ಕಲಿಯಲು ಹುಡುಕಿಕೊಂಡು ಹೋದ ಗುರುಗಳಲ್ಲಿ ಊಬೆದಾದ ಒಬ್ಬ ವೃದ್ಧೆಯನ್ನು ಬಹಳ ಗೌರವದಿಂದ ನೆನೆಯುತ್ತಾನೆ. ಆಕೆಗೆ ಆಗ 93 ವರ್ಷವೆಂದು ಬರೆದಿದ್ದಾನೆ.

ಆಡಳಿತಕ್ಕೂ ಈ ಗುಟ್ಟು ತಿಳಿದಿತ್ತು. ಅದಕ್ಕಾಗಿಯೇ 1567ರಲ್ಲಿ ಎರಡನೆಯ ಫಿಲಿಪ್ ಗ್ರನಾಡಾದಲ್ಲಿ ಜಾರಿಗೆ ತಂದ ಶಾಸನ ಮನೆಯೊಳಕ್ಕೇ ಕೈಹಾಕಿತು. ಅರಬ್ಬಿ ಮಾತಾಡಕೂಡದು, ಮುಖ ಮುಚ್ಚಕೂಡದು, ಹಮ್ಮಾಮುಗಳು (ಸಾರ್ವಜನಿಕ ಸ್ನಾನಗೃಹಗಳು) ಇರಕೂಡದು, ಶುಕ್ರವಾರ ಮತ್ತು ಹಬ್ಬದ ದಿನಗಳಲ್ಲಿ ಮನೆಯ ಬಾಗಿಲು ತೆರೆದೇ ಇರಬೇಕು. ಇದರ ವಿರುದ್ಧ ಫ್ರಾನ್ಸಿಸ್ಕೊ ನೂನ್ಯೆಸ್ ಮುಲೆಯ್ ಎಂಬ ವೃದ್ಧ ಗಣ್ಯ ಬರೆದ ಮನವಿ ಇಂದಿಗೂ ಉಳಿದಿದೆ. ಹುಡುಗನಾಗಿದ್ದಾಗ ಅದೇ ಆರ್ಚ್‌ಬಿಷಪ್ ತಲವೆರಾನ ಸೇವೆಯಲ್ಲಿದ್ದವನು ಅವನು. ಜೆರುಸಲೇಮಿನ ಕ್ರೈಸ್ತರು ಅರಬ್ಬಿಯನ್ನೇ ಆಡುತ್ತಾರೆ, ಮಾಲ್ಟಾದವರ ಮಾತೂ ಅರಬ್ಬಿಯಂಥದೇ, ಅವರು ಕ್ರೈಸ್ತರಲ್ಲವೆ? ನಮ್ಮ ಹೆಂಗಸರ ಉಡುಪು ಈ ಪ್ರಾಂತದ ಉಡುಪು, ಸ್ನಾನ ಮೈ ಶುಚಿಗೆ, ಮದರಂಗಿ ಅಲಂಕಾರಕ್ಕೆ, ಇವುಗಳಲ್ಲಿ ಧರ್ಮವೆಲ್ಲಿದೆ ಎಂದು ಒಂದೊಂದಾಗಿ ವಾದಿಸಿದ. ಮನವಿ ಫಲಿಸಲಿಲ್ಲ. ಮರುವರ್ಷ ಅಲ್ಪುಹಾರಾಸ್ ಬೆಟ್ಟಗಳಲ್ಲಿ ದೊಡ್ಡ ದಂಗೆ ಎದ್ದಿತು, 1571ರವರೆಗೆ ರಕ್ತ ಹರಿಯಿತು, ಎರಡೂ ಕಡೆ ಕ್ರೌರ್ಯ ನಡೆಯಿತು. ಆಮೇಲೆ ಗ್ರನಾಡಾದ ಸುಮಾರು 80,000 ಮೊರಿಸ್ಕೊಗಳನ್ನು, ಅಂದರೆ ಮತಾಂತರಗೊಂಡ ಮುಸ್ಲಿಮರನ್ನು, ಕ್ಯಾಸ್ಟೀಲಿನ ಊರೂರಿಗೆ ಚದುರಿಸಿದರು.

ಪುಸ್ತಕಗಳ ಬಗ್ಗೆ ಕೇಳಿದ್ದೀರಿ. 1884ರಲ್ಲಿ ಸರಗೋಸಾ ಪ್ರಾಂತದ ಅಲ್ಮೊನಾಸಿದ್ ದೆ ಲಾ ಸಿಯೆರ್ರಾ ಎಂಬ ಹಳ್ಳಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ, ನೆಲಕ್ಕೂ ಅದರ ಮೇಲೆ ಹಾಸಿದ್ದ ಸುಳ್ಳು ಮರದ ನೆಲಕ್ಕೂ ನಡುವೆ ರಾಶಿ ಹಸ್ತಪ್ರತಿಗಳು ಸಿಕ್ಕವು, ಜೊತೆಗೆ ಪುಸ್ತಕ ಕಟ್ಟುವ ಸಲಕರಣೆಗಳೂ ಇದ್ದವು. ಬೆಲೆ ತಿಳಿಯುವ ಮೊದಲೇ ಕೆಲವು ಬೆಂಕಿಗೆ ಹೋದವು. ಉಳಿದವು ಇಂದು ಮ್ಯಾಡ್ರಿಡ್‌ನಲ್ಲಿವೆ. ಹಿಡಿದರೆ ಪ್ರಾಣ ಹೋಗುವ ಕಾಲದಲ್ಲಿ ಒಬ್ಬರು ನಕಲು ಬರೆದು, ಒಬ್ಬರು ಹೊಲಿದು, ಒಬ್ಬರು ನೆಲದಡಿ ಜೋಡಿಸಿಟ್ಟ ಪುಸ್ತಕಗಳು ಇವು.

ಪ್ರಶ್ನೆ: ಹೊರಟು ಹೋದವರಾದರೂ ನೆಮ್ಮದಿಯಾಗಿದ್ದರೆ? (ಓದುಗರೊಬ್ಬರು, ವಿಜಯಪುರ)

1609ರಿಂದ 1614ರವರೆಗೆ ಮೂರನೆಯ ಫಿಲಿಪ್ ಸುಮಾರು 3,00,000 ಮೊರಿಸ್ಕೊಗಳನ್ನು ಸ್ಪೇನಿನಿಂದ ಹೊರಹಾಕಿದ. ನೂರು ವರ್ಷ ಹೋಗಗೊಡದವರು ಈಗ ಇರಗೊಡಲಿಲ್ಲ. ಕೆಲವು ಪ್ರಾಂತಗಳಲ್ಲಿ ಏಳು ವರ್ಷದೊಳಗಿನ ಮಕ್ಕಳನ್ನು ಮುಸ್ಲಿಂ ದೇಶಕ್ಕೆ ಒಯ್ಯಲು ಬಿಡಲಿಲ್ಲವಾದ್ದರಿಂದ ಎಷ್ಟೋ ಕುಟುಂಬಗಳು ಫ್ರಾನ್ಸಿನ ದಾರಿ ಹಿಡಿದು ಸುತ್ತಿ ಹೋದವು. ಒರಾನ್ ಬಳಿ ಇಳಿದವರಲ್ಲಿ ಅನೇಕರನ್ನು ದಾರಿಯಲ್ಲಿ ದೋಚಿ ಕೊಂದವರು ಸ್ವಧರ್ಮೀಯರೇ ಎಂಬುದನ್ನು ನಾವು ಮರೆಮಾಚಬಾರದು. ಮೊರೊಕ್ಕೊದಲ್ಲಿ ಇವರ ಉಡುಪು, ಮಾತು ನೋಡಿ ಕ್ರೈಸ್ತರೆಂದು ಅನುಮಾನಿಸಿದರು. ಟ್ಯುನೀಷಿಯಾದಲ್ಲಿ ಮಾತ್ರ ಅಲ್ಲಿನ ಆಡಳಿತಗಾರ ಉಸ್ಮಾನ್ ದೇ ಇವರನ್ನು ಆದರದಿಂದ ಕಂಡು ಮಜರ್ದಾ ನದಿಯ ಬಯಲಿನಲ್ಲಿ ನೆಲೆ ಒದಗಿಸಿದ. ಅಲ್ಲಿನ ತಸ್ತೂರ್ ಪಟ್ಟಣ ಇವರು ಕಟ್ಟಿದ್ದು, ಅದರ ಮಸೀದಿಯ ಮಿನಾರಿನ ಮೇಲೆ ಅಂಕಿಗಳು ಹಿಂದುಮುಂದಾಗಿರುವ ಗಡಿಯಾರವಿದೆ. ಟ್ಯುನಿಸ್‌ನ ಕೆಂಪು ಟೋಪಿಯ ಉದ್ಯಮ ಬೆಳೆದದ್ದೂ ಇವರ ಕೈಯಿಂದ. ಅಲ್ಲಿಗೆ ಹೋದ ಮೇಲೂ ಅರಬ್ಬಿ ಬಾರದ್ದರಿಂದ ಅನೇಕರು ಇಸ್ಲಾಮಿನ ಪುಸ್ತಕಗಳನ್ನು ಸ್ಪ್ಯಾನಿಷ್‌ನಲ್ಲೇ ಬರೆದುಕೊಂಡರು.

ಪ್ರಶ್ನೆ: ನಮ್ಮ ದೇಶದಲ್ಲೂ 1920ರಲ್ಲಿ ಇಂಥದೊಂದು ಹಿಜ್ರತ್ ನಡೆಯಿತಂತೆ? (ಓದುಗರೊಬ್ಬರು, ಬೀದರ್)

ನಡೆಯಿತು, ದುಃಖದಲ್ಲಿ ಮುಗಿಯಿತು. ಖಿಲಾಫತ್ ಚಳವಳಿಯ ಬಿಸಿಯಲ್ಲಿ, ಅಫಘಾನಿಸ್ತಾನದ ಅಮೀರ್ ಅಮಾನುಲ್ಲಾ ಖಾನ್ ಆಶ್ರಯ ಕೊಡುತ್ತೇನೆಂದ ಮಾತು ನಂಬಿ, ಮುಖ್ಯವಾಗಿ ಸಿಂಧ್, ವಾಯವ್ಯ ಗಡಿ ಪ್ರಾಂತ ಮತ್ತು ಪಂಜಾಬಿನ ಹತ್ತಾರು ಸಾವಿರ ಜನ ಹೊಲಮನೆಗಳನ್ನು ಸಿಕ್ಕಿದ ಬೆಲೆಗೆ ಮಾರಿ ಖೈಬರ್ ಕಣಿವೆಯ ದಾರಿ ಹಿಡಿದರು. ಅಷ್ಟು ಜನರನ್ನು ಸಾಕುವ ಶಕ್ತಿ ಕಾಬೂಲಿಗಿರಲಿಲ್ಲ. ಆಗಸ್ಟ್ ತಿಂಗಳಲ್ಲೇ ಬಾಗಿಲು ಮುಚ್ಚಿತು. ಮರಳುವ ದಾರಿಯಲ್ಲಿ ಹಸಿವು, ಕಾಯಿಲೆಗಳಿಂದ ಅನೇಕರು ಸತ್ತರು. ಆಗ ಹಿಜ್ರತ್ ಪರವಾಗಿ ಫತ್ವಾ ಕೊಟ್ಟವರಲ್ಲಿ ಮೌಲಾನಾ ಅಬುಲ್ ಕಲಾಂ ಆಝಾದರೂ ಇದ್ದರು. ಅದೇ ಆಝಾದರು 1947ರಲ್ಲಿ ದಿಲ್ಲಿಯ ಜಾಮಾ ಮಸೀದಿಯಲ್ಲಿ ನಿಂತು, ಊರು ಬಿಟ್ಟು ಹೊರಟ ಮುಸ್ಲಿಮರನ್ನು ತಡೆದು, ಇದು ನಿಮ್ಮ ನೆಲ, ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರು. ನಡುವಿನ 27 ವರ್ಷಗಳಲ್ಲಿ ಅವರು ಕಂಡುಕೊಂಡದ್ದನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ.

ಪ್ರಶ್ನೆ: ನಾವು ಮಂಗಳೂರಿನವರು, ಕೆಲಸಕ್ಕಾಗಿ ಬಂದು ಕೆನಡಾದಲ್ಲಿ ನೆಲೆಸಿದ್ದೇವೆ. ಮಕ್ಕಳಿಗೆ ಅರಬ್ಬಿಯೂ ಬಾರದು, ಉರ್ದುವೂ ಬಾರದು. ಬ್ಯಾರಿ ಮತ್ತು ಕನ್ನಡ ಮನೆಯಲ್ಲಿ ಸ್ವಲ್ಪ ಉಳಿದಿದೆ. ಭಾಷೆ ಹೋದರೆ ಧರ್ಮವೂ ಹೋಗುತ್ತದೆಂದು ಹಿರಿಯರು ಹೆದರಿಸುತ್ತಾರೆ. ಏನು ಮಾಡಲಿ? (ತಾಯಿಯೊಬ್ಬರು)

ನಿಮ್ಮ ಹಿರಿಯರು ಹೇಳುವುದನ್ನೇ ವನ್ಶರೀಸಿಯವರು ಆವಿಲಾದ ಮುಸ್ಲಿಮರ ಬಗ್ಗೆ ಹೇಳಿದ್ದರು. ಹಾಗಾದರೆ ಆವಿಲಾ ಸೀಮೆಯಲ್ಲಿ ನಿಜವಾಗಿ ಏನಾಯಿತೆಂದು ನೋಡೋಣ. ಪಕ್ಕದ ಸೆಗೋವಿಯಾದ ಮುಫ್ತಿ ಈಸಾ, ತನ್ನ ಜನ ಬಡತನ ಮತ್ತು ಅಧೀನತೆಯಿಂದ ಅರಬ್ಬಿ ಶಾಲೆಗಳನ್ನೇ ಕಳೆದುಕೊಂಡಿದ್ದಾರೆಂದು ಮರುಗಿ, 1462ರಲ್ಲಿ ಇಸ್ಲಾಮಿನ ವಿಧಿವಿಧಾನಗಳನ್ನೆಲ್ಲ ಅವರ ಆಡುಮಾತಾದ ಸ್ಪ್ಯಾನಿಷ್‌ನಲ್ಲಿ ಸಂಗ್ರಹಿಸಿ ಬರೆದ. ಆ ಪುಸ್ತಕದ ಪ್ರತಿಗಳು ಗುಟ್ಟಾಗಿ ಕೈಯಿಂದ ಕೈಗೆ ದಾಟಿ, ದೇಶದಿಂದ ಹೊರಹಾಕುವವರೆಗೂ ಜನರಿಗೆ ದಾರಿ ತೋರಿಸಿದವು. ಹಿಂದೆ ಹೇಳಿದ ಅರೆವಾಲೊದ ಯುವಕ ಅದೇ ಆವಿಲಾ ಪ್ರಾಂತದವನು, ಅವನು ಬರೆದದ್ದೂ ಸ್ಪ್ಯಾನಿಷ್ ಭಾಷೆಯಲ್ಲಿ, ಅರಬ್ಬಿ ಲಿಪಿಯಲ್ಲಿ. ಅಲ್ಮೊನಾಸಿದ್‌ನ ನೆಲದಡಿ ಸಿಕ್ಕ ಬಹಳಷ್ಟು ಪುಸ್ತಕಗಳೂ ಇಂಥವೇ. ಅರಬ್ಬಿ ಹೋದ ಮೇಲೂ ಒಂದೂವರೆ ಶತಮಾನ ಆರಾಧನೆ ಹೋಗಲಿಲ್ಲ. ಅದನ್ನು ಕೊನೆಗೆ ಕಿತ್ತದ್ದು ಗಡೀಪಾರು.

ಇದು ಒಂದೇ ಊರಿನ ಕಥೆಯೂ ಅಲ್ಲ. ಹದಿನಾಲ್ಕನೆಯ ಶತಮಾನದಿಂದ ಲಿಥುವೇನಿಯಾ, ಪೋಲೆಂಡ್‌ಗಳಲ್ಲಿ ನೆಲೆಸಿದ ತಾತಾರರು ತಮ್ಮ ತಾತಾರಿ ಭಾಷೆಯನ್ನು ಪೂರ್ತಿ ಮರೆತರು, ಆದರೆ ಪೋಲಿಷ್ ಮತ್ತು ಬೆಲರೂಸಿಯನ್ ಮಾತುಗಳನ್ನು ಅರಬ್ಬಿ ಅಕ್ಷರಗಳಲ್ಲಿ ಬರೆದು ಕಿತಾಬುಗಳನ್ನು ಮಾಡಿಕೊಂಡರು. ಕ್ರುಷಿನ್ಯಾನಿ ಮತ್ತು ಬೊಹೊನಿಕಿ ಹಳ್ಳಿಗಳ ಮರದ ಮಸೀದಿಗಳು ಇಂದಿಗೂ ಇವೆ. ದಕ್ಷಿಣ ಆಫ್ರಿಕಾದ ಕೇಪ್ ಟೌನಿಗೆ 1780ರಲ್ಲಿ ಡಚ್ಚರು ಕೈದಿಯಾಗಿ ತಂದ ತಿದೋರೆ ದ್ವೀಪದ ತುವಾನ್ ಗುರು ನೆನಪಿನಿಂದಲೇ ಕುರ್‌ಆನ್ ಬರೆದಿಟ್ಟರು, ಬಿಡುಗಡೆಯಾದ ಮೇಲೆ 1793ರಲ್ಲಿ ಗುಲಾಮರ ಮಕ್ಕಳಿಗೂ ಬಾಗಿಲು ತೆರೆದ ಮದರಸ ನಡೆಸಿದರು. ಮುಂದೆ ಅಲ್ಲಿನ ಮಕ್ಕಳು ದೀನ್ ಕಲಿತದ್ದು ಅರಬ್ಬಿ ಲಿಪಿಯಲ್ಲಿ ಬರೆದ ಆಫ್ರಿಕಾನ್ಸ್ ಭಾಷೆಯಲ್ಲಿ. ನಮ್ಮ ಕಡಲತೀರದ ನವಾಯತಿ ಮತ್ತು ಅರಬ್ಬಿ ಮಲಯಾಳಂ ಬರವಣಿಗೆಗಳೂ ಇದೇ ಕುಲಕ್ಕೆ ಸೇರಿದವು.

ಆದ್ದರಿಂದ, ಸಹೋದರಿ, ನಿಮ್ಮಲ್ಲಿ ಉಳಿದಿರುವ ಬ್ಯಾರಿ, ಕನ್ನಡಗಳನ್ನು ಸಣ್ಣದೆಂದು ಬದಿಗಿಡಬೇಡಿ. ನಮಾಝಿಗೆ ಬೇಕಾದ ಅರಬ್ಬಿ ಪಠಣವನ್ನು ಮಕ್ಕಳು ಸರಿಯಾದ ಉಚ್ಚಾರಣೆಯಲ್ಲಿ ಕಲಿಯಲೇಬೇಕು, ಅದಕ್ಕೆ ವಾರಾಂತ್ಯದ ಮದರಸವೋ ಆನ್‌ಲೈನ್ ಉಸ್ತಾದರೋ ಇರಲಿ. ಆದರೆ ಓದಿದ್ದರ ಅರ್ಥವನ್ನು ಮಗು ತನಗೆ ನಗು ಅಳು ಬರುವ ಭಾಷೆಯಲ್ಲಿ ನಿಮ್ಮ ಬಾಯಿಂದ ಕೇಳಬೇಕು. ಅದು ಕನ್ನಡವಾಗಲಿ, ಇಂಗ್ಲಿಷ್ ಆಗಲಿ ಅಡ್ಡಿಯಿಲ್ಲ. ಕನ್ನಡದಲ್ಲಿ ಕುರ್‌ಆನಿನ ಒಳ್ಳೆಯ ಅನುವಾದಗಳಿವೆ, ಒಂದನ್ನು ತರಿಸಿಕೊಳ್ಳಿ. ಕೊನೆಯ ಭಾಗದ, ಅಂದರೆ ಕೊನೆಯ ಜುಝ್‌ನ ಚಿಕ್ಕ ಸೂರಃಗಳಿಂದ ಆರಂಭಿಸಿ, ರಾತ್ರಿ ಊಟವಾದ ಮೇಲೆ ಒಂದು ಸೂರಃ ಮಗು ಓದಲಿ, ಅದರ ಅರ್ಥವನ್ನು ನೀವು ಓದಿ ಹೇಳಿ, ಮಗು ಕೇಳುವ ಪ್ರಶ್ನೆಗಳಲ್ಲಿ ನಿಮಗೆ ಉತ್ತರ ತಿಳಿಯದ್ದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅವನ್ನು ನಿಮ್ಮೂರಿನ ಇಮಾಮರಿಗಾಗಲಿ, ಈ ಅಂಕಣಕ್ಕಾಗಲಿ ಕಳುಹಿಸಬಹುದು.